ಹೊಂಡವೋ, ಡ್ರಿಪ್ಪೋ, ಸೆನ್ಸರೋ? ಮಳೆ ದಾರಿ ತಪ್ಪಿದ ಕಾಲದಲ್ಲಿ ಹೊಲಕ್ಕೆ ಹಾಕುವ ದುಡ್ಡು

2021ರ ನವೆಂಬರ್. ನಮ್ಮ ರಾಗಿ ಕೊಯ್ದು ಹೊಲದಲ್ಲೇ ಅರಿ ಹಾಕಿತ್ತು. ವಿಶಾಖೆ ಮಳೆ ಹಿಡಿದುಕೊಂಡಿತು, ಬಿಡಲೇ ಇಲ್ಲ. ವಾರ ಕಳೆಯುವಷ್ಟರಲ್ಲಿ ತೆನೆಯಲ್ಲೇ ಮೊಳಕೆ ಬಂತು. ಹುಲ್ಲು ಕಪ್ಪಾಗಿ ದನಗಳೂ ಮೂಸಲಿಲ್ಲ.

ಎರಡು ವರ್ಷ ಬಿಟ್ಟು 2023ರಲ್ಲಿ ಪೂರ್ತಿ ಉಲ್ಟಾ. ಆಗಸ್ಟ್‌ನಲ್ಲಿ ಮೋಡ ಬಂತು, ಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅದಕ್ಕೆ ಸ್ವಲ್ಪ ಮೊದಲು, ಜುಲೈನಲ್ಲಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ತೋಟದಲ್ಲಿ ನೀರು ಉಳಿಸಿಕೊಂಡಿದ್ದವರಿಗೆ ಮಾತ್ರ ಆ ಬೆಲೆ ಸಿಕ್ಕಿತು.

ಹವಾಮಾನ ಬದಲಾವಣೆ ಅಂದರೆ ಚಿಂತಾಮಣಿ, ಶ್ರೀನಿವಾಸಪುರದ ಕಡೆಯ ನಮಗೆ ಇದೇ. ನಮಗೆ ನದಿ ಇಲ್ಲ, ಕಾಲುವೆ ಇಲ್ಲ. ವರ್ಷಕ್ಕೆ ಬೀಳುವುದು 700 ಮಿ.ಮೀ. ಆಸುಪಾಸಿನ ಮಳೆ. ಅದೂ ಈಗ ಬೇಕಾದಾಗ ಬರುವುದಿಲ್ಲ, ಬೇಡವಾದಾಗ ನಿಲ್ಲುವುದಿಲ್ಲ.

ಈಗ ಊರಿಗೆ ವಾರಕ್ಕೊಬ್ಬರು ಬರುತ್ತಾರೆ. ಒಬ್ಬರು ಮಣ್ಣಿನ ತೇವ ಅಳೆಯುವ ಸೆನ್ಸರ್ ತೋರಿಸುತ್ತಾರೆ, ಇನ್ನೊಬ್ಬರು ಡ್ರೋನ್ ಹಾರಿಸುತ್ತಾರೆ, ಮತ್ತೊಬ್ಬರು ಪ್ಲಾಸ್ಟಿಕ್ ಹಾಳೆಯ ಸೂರಿನಡಿ ಬೆಳೆ ಬೆಳೆಯುವ ಪಾಲಿಹೌಸ್ ಅಂತಾರೆ. ಎಲ್ಲದಕ್ಕೂ 'ಸ್ಮಾರ್ಟ್' ಎಂಬ ಹೆಸರು. ನಮ್ಮ ಹತ್ತಿರ ಇರುವುದು ಒಂದು ಲಕ್ಷವೋ, ಎರಡು ಲಕ್ಷವೋ. ಅದೂ ಒಡವೆ ಇಟ್ಟು ತಂದದ್ದು. ಯಾವುದಕ್ಕೆ ಹಾಕಬೇಕು?

ನಾನು ಪ್ರತಿಯೊಂದನ್ನೂ ಎರಡು ಪ್ರಶ್ನೆ ಕೇಳಿ ನೋಡುತ್ತೇನೆ. ಇದು 2021ರ ನವೆಂಬರ್‌ನಲ್ಲಿ ನನ್ನ ಹತ್ತಿರ ಇದ್ದಿದ್ದರೆ ರಾಗಿ ಉಳಿಯುತ್ತಿತ್ತಾ? 2023ರ ಆಗಸ್ಟ್‌ನಲ್ಲಿ ಇದ್ದಿದ್ದರೆ ಬೆಳೆ ಉಳಿಯುತ್ತಿತ್ತಾ? ನಿಮ್ಮ ಊರಿನ ಕೆಟ್ಟ ವರ್ಷಗಳು ಬೇರೆ ಇರಬಹುದು. ಆ ವರ್ಷಗಳನ್ನೇ ಇಟ್ಟುಕೊಂಡು ಕೇಳಿ.

ಮೊದಲು ದುಡ್ಡೇ ಬೇಡದ್ದು

ಮಳೆ ಮುನ್ಸೂಚನೆಯಿಂದ ಶುರು ಮಾಡೋಣ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿಗೊಂದು ಮಳೆ ಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಇಟ್ಟಿದ್ದಾರೆ. ಅವರ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಹೋಬಳಿಯ ಮಳೆ ವಿಚಾರ ಕನ್ನಡದಲ್ಲೇ ಹೇಳುತ್ತಾರೆ. ಮೊಬೈಲ್‌ನಲ್ಲಿ 'ಮೇಘದೂತ' ಆ್ಯಪ್ ಇದೆ, 2019ರಲ್ಲಿ ಬಂದದ್ದು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲೆಯ ಬೆಳೆಗೆ ತಕ್ಕ ಸಲಹೆ ಸಿಗುತ್ತದೆ.

2021ರಲ್ಲಿ ನಮ್ಮ ಮನೆಯಲ್ಲಿ ಯಾರೂ ಇದನ್ನು ನೋಡುತ್ತಿರಲಿಲ್ಲ. ಕೂಲಿಯವರು ಸಿಕ್ಕ ದಿನ ಕೊಯ್ದೆವು, ಅಷ್ಟೇ. ಮುನ್ಸೂಚನೆ ನೋಡಿ ನಾಲ್ಕು ದಿನ ತಡೆದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು. ಪೈರು ನಿಂತೇ ನೆನೆದರೆ ಗಾಳಿಗೆ ಆರುತ್ತದೆ. ಕೊಯ್ದು ನೆಲಕ್ಕೆ ಹಾಕಿದ್ದು ಆರುವುದಿಲ್ಲ. ಈಗ ಕೊಯ್ಲಿನ ವಾರದಲ್ಲಿ ಅಪ್ಪ ಬೆಳಿಗ್ಗೆ ಕಾಫಿಗೂ ಮೊದಲು ಫೋನ್ ತೆಗೆದು ಮಳೆ ನೋಡುತ್ತಾರೆ. ಮುನ್ಸೂಚನೆ ತಪ್ಪುವುದೂ ಉಂಟು. ಹೊಲದ ಈ ಕಡೆ ಬಂದ ಮಳೆ ಆ ಕಡೆ ಬರದಿರಬಹುದು. ಆದರೆ ಎರಡು ಮೂರು ದಿನ ಹಿಡಿಯುವ ದೊಡ್ಡ ಮಳೆ, ವಾಯುಭಾರ ಕುಸಿತದ ಮಳೆ, ಸಾಮಾನ್ಯವಾಗಿ ಮೊದಲೇ ಗೊತ್ತಾಗುತ್ತದೆ. ನವೆಂಬರ್ ಮಳೆ ಹೆಚ್ಚಿಗೆ ಆ ಜಾತಿಯದೇ.

ಇದರ ಜೊತೆಗೆ ಎರಡು ದೊಡ್ಡ ಟಾರ್ಪಾಲು. ಇದನ್ನು ಯಾರೂ ಸ್ಮಾರ್ಟ್ ಅನ್ನುವುದಿಲ್ಲ. ಆದರೆ ಅಕಾಲ ಮಳೆಯ ವಿಷಯದಲ್ಲಿ ಕೆಲವೇ ಸಾವಿರ ರೂಪಾಯಿಗೆ ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ವಸ್ತು ನನಗೆ ಸಿಕ್ಕಿಲ್ಲ.

ಬೀಜವನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಜುಲೈನಲ್ಲಿ ಹದವಾದ ಮಳೆ ಬಂದರೆ ಜಿಪಿಯು-28 ರಾಗಿ ಚೆನ್ನಾಗಿ ಬರುತ್ತದೆ, ಬೆಂಕಿ ರೋಗವನ್ನೂ ತಡೆಯುತ್ತದೆ. ಬಿತ್ತನೆ ಆಗಸ್ಟ್‌ಗೆ ಹೋದರೆ ಜಿಪಿಯು-48ರಂಥ ಬೇಗ ಬರುವ ತಳಿ ಬೇಕು. ಟೊಮೆಟೊದಲ್ಲಿ ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ಎಲೆ ಮುದುಡು, ಸೊರಗು, ಎಲೆ ಅಂಗಮಾರಿ ಮೂರಕ್ಕೂ ತಡೆಯುವ ಗುಣ ಅದರಲ್ಲಿದೆ. ಎರಡು ಅವಧಿಯ ರಾಗಿ ಬೀಜ ಮೊದಲೇ ಮನೆಯಲ್ಲಿ ಇಟ್ಟುಕೊಂಡರೆ ಮಳೆ ತಡವಾದಾಗ ಅಂಗಡಿ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಹೊಂಡವಾ, ಡ್ರಿಪ್ಪಾ?

ಇಲ್ಲಿಂದ ನಿಜವಾದ ದುಡ್ಡಿನ ಪ್ರಶ್ನೆ. ನಾನು ಹೆಚ್ಚು ಹೊತ್ತು ಇಲ್ಲೇ ನಿಲ್ಲುತ್ತೇನೆ. ಬಹಳ ಜನ ತಪ್ಪುವುದು ಇಲ್ಲೇ.

ಕೃಷಿ ಹೊಂಡದ ಲೆಕ್ಕ ಮೊದಲು. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ ಅಂದರೆ 4.3 ಲಕ್ಷ ಲೀಟರ್ ಅಂತ ಹೇಳುವವರಿದ್ದಾರೆ. ಅದು ಗೋಡೆ ನೆಟ್ಟಗೆ ಇದ್ದರೆ ಮಾತ್ರ. ಹೊಂಡದ ಗೋಡೆ ಓರೆಯಾಗಿ ಇಳಿಯಬೇಕು, ಇಲ್ಲದಿದ್ದರೆ ಕುಸಿಯುತ್ತದೆ. ಒಂದು ಮೀಟರ್ ಇಳಿದಾಗ ಒಂದು ಮೀಟರ್ ಒಳಕ್ಕೆ ಬರುವಂತೆ ಓರೆ ಕೊಟ್ಟರೆ ತಳ 6 ಮೀಟರ್‌ಗೆ ಇಳಿಯುತ್ತದೆ. ಹಿಡಿಯುವುದು ಎರಡೂವರೆ ಲಕ್ಷ ಲೀಟರ್. ಅದೇ 21 ಮೀಟರ್ ಹೊಂಡವಾದರೆ ಒಂಬತ್ತು ಮುಕ್ಕಾಲು ಲಕ್ಷ ಲೀಟರ್ ಹಿಡಿಯುತ್ತದೆ. ಅಳತೆ ಎರಡು ಪಟ್ಟೂ ಆಗಲಿಲ್ಲ, ನೀರು ನಾಲ್ಕು ಪಟ್ಟು ಹತ್ತಿರ ಆಯಿತು. ಜಾಗ ಇದ್ದರೆ ದೊಡ್ಡದನ್ನೇ ತೋಡಿಸಿ.

ಆದರೆ ತುಂಬುವುದು ಹೇಗೆ? ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 30 ಮಿ.ಮೀ. ಒಳ್ಳೆ ಮಳೆ ಬಂದು ಅದರಲ್ಲಿ ಐದನೇ ಒಂದು ಭಾಗ ಹರಿದರೂ ಎಕರೆಗೆ 24,000 ಲೀಟರ್. ನಾಲ್ಕು ಎಕರೆಯ ನೀರು ಹೊಂಡದ ಕಡೆ ಇಳಿಯುವಂತಿದ್ದರೆ ಅಂಥ ಎರಡು ಮೂರು ಮಳೆಗೆ ಸಣ್ಣ ಹೊಂಡ ತುಂಬುತ್ತದೆ. ಒಂದೇ ಎಕರೆ ಇಳಿಜಾರು ಇದ್ದರೆ ಹತ್ತು ಮಳೆ ಬೇಕು. ಆದ್ದರಿಂದ ಹೊಂಡದ ಜಾಗ ಆರಿಸಲು ಜೋರು ಮಳೆ ಬಂದಾಗ ಛತ್ರಿ ಹಿಡಿದು ಹೊಲದಲ್ಲಿ ನಿಲ್ಲಿ. ನೀರು ಎಲ್ಲಿ ಹರಿಯುತ್ತದೆ ಅಂತ ಕಣ್ಣಿಂದ ನೋಡಿ. ಜೆಸಿಬಿ ಬರಲು ಅನುಕೂಲ ಅಂತ ರಸ್ತೆ ಪಕ್ಕದ ದಿಣ್ಣೆಯಲ್ಲಿ ತೋಡಿಸಿದ ಹೊಂಡಗಳು ನಮ್ಮ ಕಡೆ ಇವೆ. ಅವಕ್ಕೆ ಬೋರಿನಿಂದಲೇ ನೀರು ತುಂಬಬೇಕಾಗಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಎರಡೂವರೆ ಲಕ್ಷ ಲೀಟರ್‌ನಲ್ಲಿ ಏನಾಗುತ್ತದೆ? ರಾಗಿ ಹೊಡೆ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟರೆ 30 ಮಿ.ಮೀ.ನಷ್ಟು ನೀರು ಕೊಡಲು ಎಕರೆಗೆ 1.2 ಲಕ್ಷ ಲೀಟರ್ ಬೇಕು. ಆವಿಯಾಗುವುದು, ಸೋರುವುದು ಕಳೆದರೆ ಒಂದೂವರೆ ಎಕರೆಗೆ ಒಂದು ಸಲ ಜೀವ ಕೊಡಬಹುದು. ಆ ಒಂದು ಸಲದಲ್ಲೇ ಬೆಳೆ ಉಳಿಯುವುದು, ಹೋಗುವುದು ನಿಂತಿರುತ್ತದೆ. ಆದರೆ ಬೇಸಿಗೆ ಟೊಮೆಟೊಗೆ ಎಕರೆಗೆ ದಿನಕ್ಕೆ 15ರಿಂದ 20 ಸಾವಿರ ಲೀಟರ್ ಬೇಕಾಗುತ್ತದೆ. ಈ ಹೊಂಡ ಎರಡು ವಾರಕ್ಕೇ ಖಾಲಿ. ಸಣ್ಣ ಹೊಂಡ ನಂಬಿ ಬೇಸಿಗೆ ತರಕಾರಿ ಇಡಬೇಡಿ.

ಕೆಂಪು ಮಣ್ಣಿನಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ನಮ್ಮ ಹೊಂಡದ ಹಾಳೆ ಎರಡನೇ ವರ್ಷವೇ ಹರಿಯಿತು. ಹಾಸಿದವರು ಅಡಿಯ ಚೂಪು ಕಲ್ಲು ಆರಿಸಿರಲಿಲ್ಲ. ಈಗ ಯಾರು ಕೇಳಿದರೂ ಹೇಳುತ್ತೇನೆ: ಹಾಳೆ ಹಾಸುವ ದಿನ ನೀವೇ ಇಳಿದು ಬರಿಗಾಲಲ್ಲಿ ತಳವೆಲ್ಲ ನಡೆಯಿರಿ. ಕಾಲಿಗೆ ಚುಚ್ಚಿದ್ದು ಹಾಳೆಗೂ ಚುಚ್ಚುತ್ತದೆ.

ಇನ್ನೊಂದು ಮಾತು ಕೈ ಮುಗಿದು ಹೇಳುತ್ತೇನೆ. ಹೊಂಡಕ್ಕೆ ತಂತಿ ಬೇಲಿ ಇಲ್ಲದೆ ನೀರು ತುಂಬಿಸಬೇಡಿ. ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ಈಜು ಬಲ್ಲವರೂ ಮೇಲೆ ಹತ್ತಲಾರರು. ಪ್ರತಿ ವರ್ಷ ಎಲ್ಲೋ ಒಂದು ಕಡೆ ಮಕ್ಕಳು ಹೋಗುತ್ತಾರೆ. ಬೇಲಿ, ಗಂಟು ಹಾಕಿದ ದಪ್ಪ ಹಗ್ಗ, ಗಾಳಿ ತುಂಬಿದ ಹಳೆ ಟ್ಯೂಬ್. ಇವು ಮೂರೂ ಹೊಂಡದ ಖರ್ಚಿನಲ್ಲೇ ಸೇರಿರಲಿ.

2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ, ಹಾಳೆ, ಪಂಪು, ತುಂತುರು ಅಥವಾ ಹನಿ ನೀರಾವರಿ ಎಲ್ಲ ಒಟ್ಟಿಗೆ ಬರುತ್ತವೆ. ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90 ಸಹಾಯಧನ ಕೊಟ್ಟ ಯೋಜನೆ ಅದು. ಆಯಾ ವರ್ಷದ ಅನುದಾನ, ತಾಲ್ಲೂಕಿನ ಗುರಿ ಎಷ್ಟಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಈಗ ಡ್ರಿಪ್. ಬೋರಿನಲ್ಲಿ ಒಂದೂವರೆ ಇಂಚು ನೀರಾದರೂ ಬರುತ್ತಿದ್ದರೆ ನನ್ನ ಉತ್ತರ ನೇರ: ಹೊಂಡಕ್ಕೂ ಮೊದಲು ಡ್ರಿಪ್. ಸಾಲುಗಳಲ್ಲಿ ನೀರು ಹರಿಸುವುದಕ್ಕೆ ಹೋಲಿಸಿದರೆ ಶೇ. 30ರಿಂದ 50ರಷ್ಟು ನೀರು ಉಳಿಯುತ್ತದೆ. ಆ ನೀರಿನಲ್ಲಿ ಇನ್ನರ್ಧ ಎಕರೆ ಬರುತ್ತದೆ, ಅಥವಾ ಬೋರು ಇನ್ನೊಂದೆರಡು ಬೇಸಿಗೆ ಬಾಳುತ್ತದೆ. ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರುಗಳು. ಕೇಂದ್ರ ಅಂತರ್ಜಲ ಮಂಡಳಿಯ ಅತಿಬಳಕೆಯ ಪಟ್ಟಿಯಲ್ಲಿ ಕೋಲಾರದ ತಾಲ್ಲೂಕುಗಳಿವೆ. ಇನ್ನೊಂದು ಬೋರ್ ಕೊರೆಸಲು ಇಟ್ಟ ದುಡ್ಡು ಇದ್ದರೆ, ದಯವಿಟ್ಟು ಅದನ್ನು ಡ್ರಿಪ್‌ಗೆ ತಿರುಗಿಸಿ. ಬೋರು ಲಾಟರಿ, ಡ್ರಿಪ್ ಅಲ್ಲ.

ತರಕಾರಿಗೆ ಡ್ರಿಪ್ ಹಾಕಲು ಎಕರೆಗೆ ಅರ್ಧ ಲಕ್ಷದ ಆಸುಪಾಸು ಆಗುತ್ತದೆ. ನಮ್ಮ ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ. 90ರಷ್ಟು ಸಹಾಯಧನ ಸಿಗುತ್ತಾ ಬಂದಿದೆ. ಹಾಗಾಗಿ ಕೈಯಿಂದ ಹೋಗುವುದು ಕಡಿಮೆ. ಆದರೆ ಫಿಲ್ಟರ್ ವಿಷಯದಲ್ಲಿ ಚೌಕಾಸಿ ಬೇಡ. ಬೋರಿನ ನೀರಿಗೆ ಡಿಸ್ಕ್ ಫಿಲ್ಟರ್ ಸಾಕು. ಹೊಂಡದ ನೀರಿನಲ್ಲಿ ಪಾಚಿ ಇರುತ್ತದೆ, ಅದಕ್ಕೆ ಮರಳಿನ ಫಿಲ್ಟರ್ ಬೇಕು. ಗಡಸು ನೀರಾದರೆ ಹನಿ ಬೀಳುವ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಬೆಳೆಗೊಮ್ಮೆಯಾದರೂ ಆ್ಯಸಿಡ್ ಬಿಟ್ಟು ತೊಳೆಯಬೇಕು. ವಾರಕ್ಕೊಮ್ಮೆ ಪೈಪಿನ ತುದಿಯ ಮುಚ್ಚಳ ಬಿಚ್ಚಿ ನೀರು ಹೊರಗೆ ಬಿಡಿ. ಇಷ್ಟು ಮಾಡಲು ಆಗದಿದ್ದರೆ ಡ್ರಿಪ್ ಎರಡೇ ವರ್ಷಕ್ಕೆ ಕಟ್ಟಿಕೊಂಡು ಕೂರುತ್ತದೆ.

ಬೋರೇ ಇಲ್ಲ, ಅಥವಾ ಬತ್ತಿದೆ ಅಂದರೆ ಹೊಂಡವೇ ಮೊದಲು. ಎರಡಕ್ಕೂ ಅನುಕೂಲ ಇದ್ದವರಿಗೆ ಒಂದು ವರ್ಷ ಡ್ರಿಪ್, ಮುಂದಿನ ವರ್ಷ ಹೊಂಡ. ಮಳೆ ಹೆಚ್ಚಾದ ವರ್ಷಕ್ಕೆ ಇವೆರಡೂ ಉತ್ತರವಲ್ಲ. 2021ರಲ್ಲಿ ಹೊಂಡ ತುಂಬಿ ಹರಿಯಿತು, ರಾಗಿ ಹೋಯಿತು. ಟೊಮೆಟೊದಲ್ಲಿ ಮಾತ್ರ ಎತ್ತರದ ಮಡಿ ಮಾಡಿ ಮಲ್ಚಿಂಗ್ ಪೇಪರ್, ಅಂದರೆ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಹಾಕಿದ ಕಡೆ ಬೇರು ಕೊಳೆತದ್ದು ಕಡಿಮೆ. ಅದೇ ಪೇಪರ್ ಬರಗಾಲದಲ್ಲಿ ತೇವ ಹಿಡಿದಿಡುತ್ತದೆ. ಎರಡೂ ವರ್ಷದ ಪ್ರಶ್ನೆಗೆ ಹೌದು ಅನ್ನಿಸಿಕೊಂಡ ಕೆಲವೇ ವಸ್ತುಗಳಲ್ಲಿ ಇದೊಂದು. ಬೆಳೆ ಮುಗಿದ ಮೇಲೆ ಹರಿದ ಪೇಪರ್ ಹೊಲದಲ್ಲೇ ಉಳುಮೆ ಮಾಡಬೇಡಿ, ಆರಿಸಿ ತೆಗೆಯಿರಿ.

ಮೊಬೈಲ್ ಸ್ಟಾರ್ಟರ್, ಸೆನ್ಸರ್

ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಯಾರಾದರೂ ಎದ್ದು ಹೋಗಲೇಬೇಕು. ಹಾವು, ಚೇಳು, ಕತ್ತಲು. ಕೆಲವೇ ಸಾವಿರಕ್ಕೆ ಸಿಗುವ ಮೊಬೈಲ್ ಸ್ಟಾರ್ಟರ್ ಇದ್ದರೆ ಹಾಸಿಗೆಯಿಂದಲೇ ಮೋಟಾರು ಹಾಕಬಹುದು, ಆರಿಸಬಹುದು. ನೀರು ನಿಂತಾಗ ಮೋಟಾರು ತಾನೇ ನಿಲ್ಲುವಂಥದ್ದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ವೈಂಡಿಂಗ್ ಸುಟ್ಟು ಹೋಗುತ್ತದೆ. ಇದು ಬರವನ್ನೂ ತಡೆಯುವುದಿಲ್ಲ, ಮಳೆಯನ್ನೂ ತಡೆಯುವುದಿಲ್ಲ. ಆದರೂ ಡ್ರಿಪ್ ಆದ ತಕ್ಷಣ ನಾನು ಇದನ್ನೇ ಹೇಳುತ್ತೇನೆ. 'ಬೆಳಗಿನವರೆಗೆ ಓಡಲಿ ಬಿಡು' ಅಂತ ಸುಮ್ನೆ ಹರಿಸುವ ನೀರು ಇದರಿಂದ ನಿಲ್ಲುತ್ತದೆ. ಅಪ್ಪನೂ ರಾತ್ರಿ ನಿದ್ದೆ ಮಾಡುತ್ತಾರೆ.

ಮಣ್ಣಿನ ತೇವ ಅಳೆಯುವ ಸೆನ್ಸರ್ ಬಗ್ಗೆ ನನ್ನ ಮನಸ್ಸು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಸಾಧನ ಒಳ್ಳೆಯದೇ. ಕಣ್ಣಿಗೆ ಮೇಲ್ಮಣ್ಣು ಮಾತ್ರ ಕಾಣುತ್ತದೆ. ಬೇರಿನ ಹತ್ತಿರ ತೇವ ಎಷ್ಟಿದೆ ಅಂತ ಸೆನ್ಸರ್ ಹೇಳುತ್ತದೆ. ದಾಳಿಂಬೆ, ದ್ರಾಕ್ಷಿಯಂಥ ಬೆಲೆ ಬಾಳುವ ಬೆಳೆಗೆ ಲಾಭ ಗೊತ್ತಾಗುತ್ತದೆ. ಎಲೆ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಅಳೆದು ರೋಗ ಬರುವ ಮುನ್ನ ಎಚ್ಚರಿಸುವ ಯಂತ್ರಗಳೂ ಇವೆ. ಔಷಧಿ ಎರಡು ಸಲ ಕಡಿಮೆ ಹೊಡೆದರೂ ಅಲ್ಲೇ ಉಳಿತಾಯ.

ಆದರೆ ಯಂತ್ರಕ್ಕೆ ಹತ್ತಾರು ಸಾವಿರ ಕೊಟ್ಟ ಮೇಲೂ ವರ್ಷ ವರ್ಷ ಚಂದಾ ಕಟ್ಟಬೇಕಾಗುತ್ತದೆ. ನಮ್ಮ ಪಕ್ಕದ ತೋಟದ ಅಣ್ಣ ಒಂದು ಹಾಕಿಸಿದ್ದರು. ಮೊದಲ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಸಿಮ್ ನಿಂತಿತು, ರಿಪೇರಿಗೆ ಬರುತ್ತೇವೆ ಎಂದವರು ಬರಲಿಲ್ಲ. ಈಗ ಆ ಕಂಬಕ್ಕೆ ಹೀರೆ ಬಳ್ಳಿ ಹಬ್ಬಿದೆ. ಕೊಳ್ಳುವ ಮೊದಲು ಕೇಳಿ: ಚಂದಾ ನಿಲ್ಲಿಸಿದರೆ ಯಂತ್ರ ಅಳತೆ ತೋರಿಸುತ್ತದಾ? ರಿಪೇರಿಯವರು ಯಾವ ಊರಲ್ಲಿದ್ದಾರೆ? ಇದೇ ಮಣ್ಣಿನಲ್ಲಿ ಎರಡು ವರ್ಷ ಬಳಸಿದ ರೈತರು ಯಾರು, ಅವರ ಹೊಲಕ್ಕೆ ಹೋಗಿ ನೋಡಬಹುದಾ?

ಅದಕ್ಕಿಂತ ಕಡಿಮೆಯಲ್ಲಿ ಶುರು ಮಾಡುವ ದಾರಿ ಇದೆ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ಕೈಯಲ್ಲಿ ಹಿಡಿಯುವ ತೇವ ಸೂಚಕ ಮಾಡಿದ್ದಾರೆ. ಮಣ್ಣಿಗೆ ಚುಚ್ಚಿದರೆ ಬಣ್ಣದ ದೀಪ ಹೊತ್ತುತ್ತದೆ. ನೀಲಿ ಅಂದರೆ ತೇವ ಚೆನ್ನಾಗಿದೆ, ಕೆಂಪು ಅಂದರೆ ತಡ ಮಾಡದೆ ನೀರು ಬಿಡಿ. ಚಂದಾ ಇಲ್ಲ, ಸಿಮ್ ಇಲ್ಲ. ಕೊಳವೆಯಲ್ಲಿ ನೀರು ತುಂಬಿ ಇಡುವ ಟೆನ್ಸಿಯೋಮೀಟರ್ ಕೂಡ ಹಳೆಯ, ನಂಬಬಹುದಾದ ಸಾಧನ. ಒಂದು ಬೆಳೆ ಇವುಗಳಲ್ಲಿ ನೋಡಿ. 'ಇದು ಹೇಳಿದ್ದಕ್ಕೆ ನಾನು ಮೋಟಾರು ಆರಿಸಿದೆ' ಅಂತ ಹತ್ತು ಸಲ ಆದರೆ ಆಗ ದೊಡ್ಡ ಸೆನ್ಸರ್ ಯೋಚಿಸಿ. 2023ರಲ್ಲಿ ಹೊಲ ಒಣಗಿದೆ ಅಂತ ನಮಗೆ ಗೊತ್ತಿತ್ತು. ನೀರೇ ಇರಲಿಲ್ಲ, ಅಲ್ವಾ?

ಬಾಡಿಗೆಗೆ ಸಿಗುವುದನ್ನು ಕೊಳ್ಳಬೇಡಿ

ಡ್ರೋನ್ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಹತ್ತು ಲೀಟರ್ ಔಷಧಿಯಲ್ಲಿ ಒಂದು ಎಕರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಬೆನ್ನಿಗೆ ಕ್ಯಾನ್ ಕಟ್ಟಿದರೆ 150ರಿಂದ 200 ಲೀಟರ್ ನೀರು, ಅರ್ಧ ದಿನ ಕೂಲಿ, ಮೈಮೇಲೆ ವಿಷ. ಮಳೆ ಬಿದ್ದು ಕೆಸರಾದ ಹೊಲದಲ್ಲಿ ಕಾಲಿಡಲು ಆಗದಿದ್ದಾಗ ಡ್ರೋನ್ ನಿಜಕ್ಕೂ ಬೆಳೆ ಉಳಿಸುತ್ತದೆ. ಆದರೆ ಮೂರು ನಾಲ್ಕು ಎಕರೆಯವರು ಲಕ್ಷಾಂತರ ಕೊಟ್ಟು ಕೊಳ್ಳುವ ವಸ್ತು ಅದಲ್ಲ. ಹಾರಿಸಲು ತರಬೇತಿ, ಪೈಲಟ್ ಪ್ರಮಾಣಪತ್ರ ಬೇರೆ ಬೇಕು. ಎಕರೆಗೆ 400-600 ರೂಪಾಯಿ ಕೊಟ್ಟು ಕರೆಸಿ. ಊರಿನ ಮಹಿಳಾ ಸಂಘದವರು ಮುಂದೆ ಬಂದರೆ ಮಾತು ಬೇರೆ. 2023ರಲ್ಲಿ ಬಂದ 'ನಮೋ ಡ್ರೋನ್ ದೀದಿ' ಯೋಜನೆಯಲ್ಲಿ ಸಂಘಗಳಿಗೆ ಶೇ. 80ರಷ್ಟು, 8 ಲಕ್ಷದವರೆಗೆ, ನೆರವು ಇದೆ.

ರಾಗಿ ಕೊಯ್ಲು ಯಂತ್ರವೂ ಹಾಗೇ. ಮಳೆ ಬರುವ ಮೊದಲಿನ ಒಂದು ಬಿಸಿಲು ದಿನದಲ್ಲಿ ಎಲ್ಲ ಕೊಯ್ದು ಮನೆಗೆ ತರಲು ಅದಕ್ಕಿಂತ ವೇಗದ ದಾರಿ ಇಲ್ಲ. ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮೊದಲೇ ಹೆಸರು ಬರೆಸಿ. ಎಲ್ಲರಿಗೂ ಒಂದೇ ದಿನ ಬೇಕಾಗುತ್ತದೆ.

ಸೋಲಾರ್ ಪಂಪು, ಪಾಲಿಹೌಸ್

ಪಂಪ್‌ಸೆಟ್‌ಗೆ 10 ಎಚ್‌ಪಿವರೆಗೆ ನಮಗೆ ಕರೆಂಟು ಉಚಿತ. ಹಾಗಾಗಿ ಬೇರೆ ರಾಜ್ಯದವರು ಹೇಳುವ 'ಬಿಲ್ ಉಳಿತಾಯ'ದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮಗೆ ಸೋಲಾರ್‌ನಲ್ಲಿ ಸಿಗುವ ಲಾಭ ಹಗಲು ಕರೆಂಟು. 2023ರಲ್ಲಿ ಮೂರು ಫೇಸ್ ಐದು ಗಂಟೆಗೆ ಇಳಿದಿದ್ದಾಗ ಸೋಲಾರ್ ಇದ್ದವರು ನೆಮ್ಮದಿಯಾಗಿದ್ದರು. ಸೋಲಾರ್ ಪಂಪಿಗೆ ಸಹಾಯಧನ ಕೊಡುವ ಪಿಎಂ-ಕುಸುಮ್‌ನಲ್ಲಿ ಕೇಂದ್ರದ ಪಾಲು ಶೇ. 30. ನಮ್ಮ ರಾಜ್ಯ ತನ್ನ ಪಾಲನ್ನು ಶೇ. 50ಕ್ಕೆ ಏರಿಸಿದ್ದರಿಂದ ರೈತರಿಗೆ ಉಳಿಯುವುದು ಶೇ. 20. ವಿದ್ಯುತ್ ಲೈನ್ ದೂರ ಇರುವ ಹೊಸ ಬೋರಿಗೆ ಇದು ಒಳ್ಳೆಯದು. ಆದರೆ ಬಿಸಿಲು ಇದ್ದಷ್ಟು ಹೊತ್ತೂ ಓಡಿಸುತ್ತಾ ಹೋದರೆ ಬೋರು ಬೇಗ ಬರಿದಾಗುತ್ತದೆ. ನನಗೆ ಹೆಚ್ಚು ಇಷ್ಟವಾದ ಜೋಡಿ ಹೊಂಡಕ್ಕೆ ಸಣ್ಣ ಸೋಲಾರ್ ಪಂಪು. ಎರಡು ಮೂರು ಎಚ್‌ಪಿ ಸಾಕು, ಡೀಸೆಲ್ ತರುವುದು ತಪ್ಪುತ್ತದೆ.

ಪಾಲಿಹೌಸ್ ಎರಡೂ ವರ್ಷ ಬೆಳೆ ಕಾಯಬಲ್ಲದು. ಜೊತೆಗೆ ಅದರ ಸೂರೇ ದೊಡ್ಡ ಜಲಾನಯನ. ಒಂದು ಎಕರೆ ಸೂರಿನ ಮೇಲೆ ನಮ್ಮ 700 ಮಿ.ಮೀ. ಮಳೆ ಬಿದ್ದರೆ 28 ಲಕ್ಷ ಲೀಟರ್. ಪಾಲಿಹೌಸ್ ಕಟ್ಟಿ ಸೂರಿನಿಂದ ಇಳಿಯುವ ನೀರನ್ನು ಹೊಂಡಕ್ಕೆ ತಿರುಗಿಸದವರನ್ನು ಕಂಡರೆ ಬೇಸರವಾಗುತ್ತದೆ. ಆದರೆ ಚದರ ಮೀಟರ್‌ಗೆ ಸುಮಾರು 1,000 ರೂಪಾಯಿ, ಅಂದರೆ ಎಕರೆಗೆ 40 ಲಕ್ಷ. ಶೇ. 50 ಸಹಾಯಧನ ಸಿಕ್ಕರೂ ಉಳಿದದ್ದು ಬ್ಯಾಂಕಿನ ಸಾಲ. ಮೂರು ನಾಲ್ಕು ವರ್ಷಕ್ಕೆ ಹಾಳೆ ಬದಲಿಸಬೇಕು. ಬೇಸಿಗೆ ಬಿರುಗಾಳಿಗೆ ಹರಿದು ಹಾರುವುದನ್ನು ಕಣ್ಣಾರೆ ಕಂಡಿದ್ದೇನೆ. ದಪ್ಪ ಮೆಣಸಿನಕಾಯಿಗೆ ಬೇರುಗಂಟು ಹುಳು ಬಿದ್ದರೆ ಬೆಳೆಯೇ ಹೋಗುತ್ತದೆ. ದಿನಾ ತೋಟದಲ್ಲಿ ನಿಲ್ಲುವ ಒಬ್ಬರು ಮನೆಯಲ್ಲಿದ್ದು, ಕೊಳ್ಳುವವರ ಜೊತೆ ಮೊದಲೇ ಮಾತಾಗಿದ್ದರೆ ಮಾತ್ರ ಕೈ ಹಾಕಿ. ಮೊದಲ ಸಲದವರು ಕಾಲು ಎಕರೆ ನೆರಳು ಪರದೆಯಲ್ಲಿ ಸಸಿ ಬೆಳೆದು ನೋಡಬಹುದು.

ನನ್ನ ಹತ್ತಿರ ಇಷ್ಟೇ ಇದೆ ಅಂದರೆ

25,000 ಇದ್ದರೆ ಟಾರ್ಪಾಲು, ಮೊಬೈಲ್ ಸ್ಟಾರ್ಟರ್, ಕೈ ತೇವ ಸೂಚಕ, ಜೊತೆಗೆ ಬೆಳೆ ವಿಮೆ. ಫಸಲ್ ಬಿಮಾದಲ್ಲಿ ಮುಂಗಾರು ಆಹಾರ ಬೆಳೆಗೆ ವಿಮಾ ಮೊತ್ತದ ಶೇ. 2 ಮಾತ್ರ ರೈತರ ಪಾಲು. ಆಲಿಕಲ್ಲು, ಕೊಯ್ಲಾದ ಮೇಲಿನ ಅಕಾಲ ಮಳೆಯಿಂದ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. 2021ರಲ್ಲಿ ನಾವು ಐದನೇ ದಿನ ಹೋದೆವು.

ಒಂದು ಲಕ್ಷ ಇದ್ದರೆ ಅದರ ಮೇಲೆ ಡ್ರಿಪ್, ಒಳ್ಳೆ ಫಿಲ್ಟರ್, ಮಲ್ಚಿಂಗ್. ಬೋರಿಲ್ಲದವರಿಗೆ ಹೊಂಡ. ಎರಡು ಮೂರು ಲಕ್ಷವಾದರೆ ಹೊಂಡ, ಡ್ರಿಪ್, ಸಣ್ಣ ಸೋಲಾರ್ ಮೂರೂ ಸೇರುತ್ತವೆ. ಸೆನ್ಸರ್ ಅದಾದ ಮೇಲಿನ ಮಾತು.

ಹೊಂಡ ತೋಡಿಸುವುದಾದರೆ ಯುಗಾದಿ ಕಳೆದು ಭರಣಿ ಮಳೆ ಬರುವ ಮೊದಲೇ ಮುಗಿಯಬೇಕು. ಅರ್ಜಿ ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಹೋಗಿರಬೇಕು. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ತೆಗೆದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ನಾಡಕಚೇರಿಗೆ ಹೋಗಿ ಖಾತೆ ಬದಲಾವಣೆಗೆ ಕೊಡಿ. ನಮ್ಮ ಹೊಂಡ ಒಂದು ವರ್ಷ ತಡವಾದದ್ದು ಅದೊಂದೇ ಕಾರಣಕ್ಕೆ.